ಶರದೃತುವಿನಲ್ಲಿ ಪಾರಣೆಯ ಕ್ರಮ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವವು ಮುಗಿದ ಕೆಲವೇ ದಿನಗಳಲ್ಲಿ ಶರದೃತು ಬರುತ್ತದೆ. ಮಳೆಗಾಲದಲ್ಲಿ ಸಂಚಿತವಾದ ಪಿತ್ತವು ಶರತ್ಕಾಲದ ಬಿಸಿಲಿಗೆ ಕೆರಳುವುದೆಂದು ಆಯುರ್ವೇದವು ಹೇಳುತ್ತದೆ. ಆದುದರಿಂದ ಉಪವಾಸದಷ್ಟೇ ಎಚ್ಚರವು ಪಾರಣೆಯಲ್ಲಿಯೂ ಇರಬೇಕು. ಪಾರಣೆಯೂ ವ್ರತದ ಅಂಗವೇ.

ಮೊದಲು ಸೋಸಿ ಕಾಯಿಸಿದ ನೀರು; ಬಳಿಕ ಹೆಸರುಬೇಳೆಯ ಕಟ್ಟು ಅಥವಾ ಅಕ್ಕಿಯ ಗಂಜಿ, ಸ್ವಲ್ಪ ತುಪ್ಪ. ಮರುದಿನ ಮೆತ್ತಗಿನ ಅನ್ನ, ಪಡವಲ, ಹೀರೆ, ಸೋರೆಕಾಯಿಗಳ ಪಲ್ಯ. ಹುಳಿ, ಖಾರ, ಕರಿದ ತಿಂಡಿಗಳು ಕೆಲವು ದಿನ ಬೇಡ. ಹಲವು ದಿನ ನಿರಾಹಾರರಾಗಿದ್ದವರು ಒಮ್ಮೆಲೇ ತುಂಬ ಉಂಡರೆ ರಕ್ತದ ಲವಣಾಂಶಗಳು ಏರುಪೇರಾಗಿ ಹೃದಯಕ್ಕೂ ಅಪಾಯವುಂಟು. ಅಂಥವರು ವೈದ್ಯರನ್ನು ಕೇಳಿಯೇ ಪಾರಣೆ ಮಾಡಬೇಕು. ಔಷಧದ ನೆಪದಿಂದ ಜೇನು ಸಲ್ಲದು. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳಿಲ್ಲದೆಯೇ ಚಿಕಿತ್ಸೆಯನ್ನು ನಿರೂಪಿಸಿದ್ದಾರೆ.

ಈ ಋತುವಿನಲ್ಲಿ ಹಗಲು ಕುಗ್ಗುತ್ತದೆ. ಅಕ್ಟೋಬರ್ ಕೊನೆಗೆ ಬೆಂಗಳೂರಿನಲ್ಲಿ 6 ಗಂಟೆಗೆ ಮೊದಲೇ ಸೂರ್ಯಾಸ್ತ. ಎರಡು ಘಳಿಗೆ, ಎಂದರೆ 48 ನಿಮಿಷ ಮುಂಚೆ ಊಟ ಮುಗಿಯಬೇಕಾದರೆ 5 ಗಂಟೆಯ ಹೊತ್ತಿಗೇ ಉಣ್ಣಬೇಕು. ಮಲ್ಲತ್ತಹಳ್ಳಿಯಿಂದ ದೂರದ ಕೆಲಸಕ್ಕೆ ಹೋಗುವ ಶ್ರಾವಕರು ಸಂಜೆಯ ಬುತ್ತಿಯನ್ನೂ ಕೊಂಡೊಯ್ಯುವುದು ಲೇಸು.

ಮಧುಮೇಹಿಗಳು, ಗರ್ಭಿಣಿಯರು, ವೃದ್ಧರು ಪೂರ್ಣ ಉಪವಾಸಕ್ಕೆ ಹಟ ಹಿಡಿಯಬಾರದು. ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ವೂ ಒಂದು: ಶಕ್ತಿಯನ್ನು ಮರೆಮಾಚದೆ, ಮೀರದೆ ಆಚರಿಸಿದ ತಪವೇ ತಪ.