ಹಾಲು ಕಾಫಿ, ಹೊಟ್ಟೆಯುಬ್ಬರ ಮತ್ತು ಉಸಿರಿನ ಪರೀಕ್ಷೆ

ಪ್ರಶ್ನೆ: ಹೊರನಾಡಿನ ಹತ್ತಿರ ನಮ್ಮ ತೋಟ. ವಯಸ್ಸು 42. ಬೆಳಿಗ್ಗೆ ಕಾಫಿ ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಮೇಲುಹೊಟ್ಟೆಯಲ್ಲಿ ಉರಿ. ಗ್ಯಾಸ್ಟ್ರಿಕ್ ಮಾತ್ರೆ ನುಂಗುವಷ್ಟು ದಿನ ಪರವಾಗಿಲ್ಲ, ಬಿಟ್ಟರೆ ಮತ್ತೆ ಶುರು. ಮಂಗಳೂರಿಗೆ ಹೋಗಿ ಉಸಿರಿನ ಪರೀಕ್ಷೆ ಮಾಡಿಸಿದರೆ ಹಾಲು ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ, ಎಂಡೋಸ್ಕೋಪಿಯೂ ತಪ್ಪುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಉರಿಯ ಕಾರಣ ಹುಡುಕಲು ಘಟ್ಟ ಇಳಿಯುವುದಾದರೆ ಹೋಗಿ ಬನ್ನಿ. ಹಾಲಿನ ಮೇಲಿನ ಅನುಮಾನಕ್ಕಷ್ಟೇ ಆದರೆ ಬಸ್ ಚಾರ್ಜು ಉಳಿಸಿ. ಉಸಿರಿನ ಪರೀಕ್ಷೆ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಪರೀಕ್ಷೆಗಳು ನಡೆಯುತ್ತವೆ. ಎಲ್ಲವನ್ನೂ ಒಂದೇ ಸಮ ನಂಬುವಂತಿಲ್ಲ.

ಹಾಲಿನದ್ದನ್ನು ಮೊದಲು ನೋಡೋಣ. ಮನುಷ್ಯನ ಜೀವಕೋಶಗಳು ಹೈಡ್ರೋಜನ್ ಅನಿಲ ತಯಾರಿಸುವುದಿಲ್ಲ. ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿಗೆ ಇಳಿದರೆ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಹೈಡ್ರೋಜನ್ ಬಿಡುತ್ತವೆ. ಅದು ರಕ್ತ ಸೇರಿ ಉಸಿರಿನಲ್ಲಿ ಹೊರಬೀಳುತ್ತದೆ. ಪರೀಕ್ಷೆಯ ಹಿಂದಿನ ದಿನ ಕಾಳು, ಸೊಪ್ಪು, ಹಣ್ಣು ಬಿಟ್ಟು ಬಿಳಿ ಅನ್ನ ಉಣ್ಣಲು ಹೇಳುತ್ತಾರೆ (ಮಲೆನಾಡಿನವರಿಗೆ ಇದೇನು ಕಷ್ಟದ ಪಥ್ಯವಲ್ಲ). ಮರುದಿನ ಖಾಲಿ ಹೊಟ್ಟೆಗೆ ಸಾಮಾನ್ಯವಾಗಿ 25 ಗ್ರಾಂ ಲ್ಯಾಕ್ಟೋಸ್ ಕುಡಿಸಿ, ಮೂರು ಗಂಟೆ ಕಾಲ ಆಗಾಗ ಊದಿಸುತ್ತಾರೆ. ಹೈಡ್ರೋಜನ್ ಮೊದಲಿಗಿಂತ ಹತ್ತು ಲಕ್ಷಕ್ಕೆ 20 ಭಾಗ ಏರಿದರೆ ಲ್ಯಾಕ್ಟೋಸ್ ಜೀರ್ಣವಾಗುತ್ತಿಲ್ಲ ಎಂದರ್ಥ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ 25 ಗ್ರಾಂ ಎಂದರೆ ಸುಮಾರು ಅರ್ಧ ಲೀಟರ್ ಹಾಲು. ನಿಮ್ಮ ಲೋಟದಲ್ಲಿ 100 ಮಿಲಿ ಹಾಲಿದ್ದರೂ ಲ್ಯಾಕ್ಟೋಸ್ 5 ಗ್ರಾಂ ಆಸುಪಾಸು. ದಕ್ಷಿಣ ಭಾರತದ ಬಹುಪಾಲು ವಯಸ್ಕರಿಗೆ ಲ್ಯಾಕ್ಟೋಸ್ ಪೂರ್ತಿ ಜೀರ್ಣವಾಗುವುದಿಲ್ಲ. ಹಾಗಿದ್ದೂ ಅಂಥವರಲ್ಲಿ ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಂವರೆಗೆ ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ಆದ್ದರಿಂದ ನಿಮ್ಮ ವರದಿ ಪಾಸಿಟಿವ್ ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ, ಕಾಫಿಯ ಹಾಲೇ ಅಪರಾಧಿ ಎಂಬುದಕ್ಕೆ ಪುರಾವೆಯೂ ಇಲ್ಲ.

ಹಾಗಾದರೆ ಎರಡು ವಾರ ಹಾಲು ಬಿಟ್ಟು ನೋಡಬಹುದಲ್ಲ ಎಂದರೆ, ಅದು ಮನಸ್ಸಿನ ಆಟವಾದೀತು, ಯಂತ್ರ ಸುಳ್ಳು ಹೇಳದು ಎಂಬ ಆಕ್ಷೇಪ ಬರುತ್ತದೆ. ಮನಸ್ಸಿನ ಪಾಲು ಇರುವುದು ದಿಟ. 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹಾಲು ಸ್ವಲ್ಪವೂ ಆಗದು ಎನ್ನುತ್ತಿದ್ದ 30 ಮಂದಿಗೆ ದಿನಕ್ಕೆ 240 ಮಿಲಿ ಸಾಮಾನ್ಯ ಹಾಲನ್ನೂ ಲ್ಯಾಕ್ಟೋಸ್ ಒಡೆದ ಹಾಲನ್ನೂ ಯಾವುದೆಂದು ತಿಳಿಸದೆ ಕೊಟ್ಟರು. ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಯಂತ್ರ ಅಳೆಯುವುದು ಅನಿಲವನ್ನು, ನಿಮ್ಮ ಸಂಕಟವನ್ನಲ್ಲ. ಅನುಮಾನ ಬಗೆಹರಿಯಬೇಕಾದರೆ ಲ್ಯಾಕ್ಟೋಸ್ ರಹಿತ ಹಾಲು ತರಿಸಿ, ಯಾವ ದಿನ ಯಾವ ಹಾಲು ಎಂಬುದನ್ನು ಕಾಫಿ ಮಾಡುವವರೇ ಗುಟ್ಟಾಗಿ ಬರೆದಿಟ್ಟುಕೊಳ್ಳಲಿ. ಪುಡಿಯಲ್ಲಿ ಚಿಕೋರಿ ಎಷ್ಟಿದೆ ಎಂದೂ ನೋಡಿ. ಚಿಕೋರಿ ಬೇರಿನಲ್ಲಿರುವ ಇನುಲಿನ್ ಎಂಬ ನಾರು ನಮಗೆ ಜೀರ್ಣವಾಗದು. ಅದೂ ದೊಡ್ಡಕರುಳಿನಲ್ಲಿ ಹುದುಗಿ ಅನಿಲವಾಗುತ್ತದೆ. ಕಾಫಿ ಬೆಳೆಯುವ ಮನೆಯಲ್ಲಿ ಕೆಲವು ದಿನ ಚಿಕೋರಿಯಿಲ್ಲದ ಪುಡಿ ಬಳಸುವುದು ಕಷ್ಟವಾಗಲಾರದು.

ಸಣ್ಣಕರುಳಿನಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿವೆಯೇ ಎಂದು ನೋಡಲು ಲ್ಯಾಕ್ಟುಲೋಸ್ ಕುಡಿಸಿ ಮಾಡುವ ಪರೀಕ್ಷೆಯನ್ನು ನಾನು ಇನ್ನೂ ಕಡಿಮೆ ನಂಬುತ್ತೇನೆ. 90 ನಿಮಿಷದೊಳಗೆ ಹೈಡ್ರೋಜನ್ ಏರಿದರೆ ದೋಷ ಎನ್ನುತ್ತಾರೆ. ಕರುಳು ಚುರುಕಾಗಿರುವವರಲ್ಲಿ ದ್ರಾವಣ ಅಷ್ಟರಲ್ಲೇ ದೊಡ್ಡಕರುಳು ತಲುಪಿರುತ್ತದೆ. ಇದೊಂದನ್ನೇ ನಂಬಿ ಆಂಟಿಬಯೋಟಿಕ್ ನುಂಗಬೇಡಿ.

ನಿಮ್ಮ ಉರಿಗೆ ಸಂಬಂಧಿಸಿದ್ದು ಯೂರಿಯಾ ಪರೀಕ್ಷೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಜಠರದ ಹುಣ್ಣಿಗೆ ಕಾರಣವಾಗುತ್ತದೆಂದು ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಈ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆಯುತ್ತದೆ. ಕಾರ್ಬನ್-13 ಇರುವ ಯೂರಿಯಾ ಕುಡಿಸಿ ಸುಮಾರು ಅರ್ಧ ಗಂಟೆಯಲ್ಲಿ ಊದಿಸಿದರೆ, ಆ ಕಾರ್ಬನ್ ಉಸಿರಿನ ಇಂಗಾಲದ ಡೈಆಕ್ಸೈಡಿನಲ್ಲಿ ಸಿಕ್ಕಿಬೀಳುತ್ತದೆ. ಇದರಲ್ಲಿ ವಿಕಿರಣವಿಲ್ಲ, ನಿಖರತೆ ಶೇ 95ರ ಆಸುಪಾಸು. ರಕ್ತಪರೀಕ್ಷೆ ಅಗ್ಗವಲ್ಲವೇ ಎಂದು ಕೇಳಬಹುದು. ಬ್ಯಾಕ್ಟೀರಿಯಾ ಸತ್ತ ಮೇಲೂ ಪ್ರತಿಕಾಯಗಳು ರಕ್ತದಲ್ಲಿ ಬಹುಕಾಲ ಉಳಿಯುವುದರಿಂದ ಚಿಕಿತ್ಸೆ ಫಲಿಸಿತೇ ಎಂಬುದಕ್ಕೆ ಅದು ಉತ್ತರ ಕೊಡಲಾರದು. ಮಲದ ಆಂಟಿಜೆನ್ ಪರೀಕ್ಷೆ ಉಸಿರಿನದಕ್ಕೆ ಸರಿಸಾಟಿ; ಮಾದರಿ ಕೆಡದಂತೆ ಘಟ್ಟ ಇಳಿಸುವುದೇ ತೊಡಕು.

ಯೂರಿಯಾ ಪರೀಕ್ಷೆ ಹೆಚ್ಚಾಗಿ ಸುಳ್ಳಾಗುವುದು ನೀವು ನುಂಗುತ್ತಿರುವಂಥ ಮಾತ್ರೆಯಿಂದಲೇ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಬ್ಯಾಕ್ಟೀರಿಯಾವನ್ನು ಅಡಗಿಸುತ್ತವೆ, ಕೊಲ್ಲುವುದಿಲ್ಲ. ವೈದ್ಯರನ್ನು ಕೇಳಿ ಇವನ್ನು ಎರಡು ವಾರ, ಆಂಟಿಬಯೋಟಿಕ್ ಮತ್ತು ಬಿಸ್ಮತ್ ಔಷಧಿಗಳನ್ನು ನಾಲ್ಕು ವಾರ ಮೊದಲೇ ನಿಲ್ಲಿಸಿ ಹೋಗಿ. ಬ್ಯಾಕ್ಟೀರಿಯಾ ಸಿಕ್ಕಿ ಚಿಕಿತ್ಸೆಯಾದರೆ, ಮುಗಿದು ಕನಿಷ್ಠ ನಾಲ್ಕು ವಾರದ ನಂತರ ಮತ್ತೊಮ್ಮೆ ಊದಬೇಕು. ಇನ್ನು ಎಂಡೋಸ್ಕೋಪಿ: ತೂಕ ಇಳಿಯುತ್ತಿದ್ದರೆ, ಮಲ ಕಪ್ಪಾಗಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ನುಂಗಲು ಕಷ್ಟವಾದರೆ ಅಥವಾ ರಕ್ತಹೀನತೆ ಇದ್ದರೆ ಅದನ್ನು ತಪ್ಪಿಸುವಂತಿಲ್ಲ. ಆಗ ಎರಡು ವಾರ ಕಾಯುತ್ತಲೂ ಕೂರಬೇಡಿ.