ಪೆನ್ಸಿಲು ಮಕ್ಕಳ ಕೈಯಲ್ಲೇ ಇರಲಿ

ತಂಗೀ, ಹೈದರಾಬಾದಿನ ಕಾಚಿಗುಡದ ಸುತ್ತಮುತ್ತಲಿನ ಮಕ್ಕಳನ್ನು ಸೇರಿಸಿ ಬೇಸಿಗೆ ರಜೆಯಲ್ಲಿ ಚಿತ್ರದ ಶಿಬಿರ ಮಾಡುತ್ತೀಯಂತೆ. ಹುಡುಗ-ಹುಡುಗಿ, ಜಾತಿ-ಮತ, ಭಾಷೆ-ಬಣ್ಣಗಳ ಬಗ್ಗೆ ತಲೆಯಲ್ಲಿ ಬೇರೂರಿದ ಪೂರ್ವಗ್ರಹಗಳನ್ನು ಕಾರ್ಟೂನು, ಆಟಗಳ ಮೂಲಕವೇ ಬಿಡಿಸಬೇಕು ಎಂಬುದು ನಿನ್ನ ಆಸೆಯಂತೆ. ಕೇಳಿ ಮನಸ್ಸು ತುಂಬಿತು. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇರುವ ಈ ಭಾಗದಲ್ಲಿ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಆಟೊದಲ್ಲಿ ದಖನಿ, ತರಗತಿಯಲ್ಲಿ ಇಂಗ್ಲಿಷು ಆಡುತ್ತ ಬೆಳೆಯುತ್ತಾರೆ. ಇಷ್ಟು ಬಗೆಯ ಜನರ ನಡುವೆ ಇದ್ದರೂ 'ಅವರೆಲ್ಲ ಹಾಗೇ ಬಿಡು' ಎನ್ನುವ ಮಾತು ಅವರ ಬಾಯಲ್ಲೂ ಬರುತ್ತದೆ. ಪಕ್ಕದಲ್ಲಿ ಇದ್ದ ಮಾತ್ರಕ್ಕೆ ಮನುಷ್ಯ ಮನುಷ್ಯನನ್ನು ಕಾಣುವುದಿಲ್ಲ. ಕಾಣುವುದನ್ನೂ ಕಲಿಸಬೇಕು. ಅದಕ್ಕೆ ಚಿತ್ರಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ನಾನು ಹೇಳುವುದು ಒಂದೇ ಮಾತು. ಉಳಿದದ್ದೆಲ್ಲ ಅದರ ವಿವರ. ಸರಿಯಾದ ಚಿತ್ರ ಯಾವುದು ಎಂದು ನೀನು ಬರೆದು ತೋರಿಸಬೇಡ. ಮಗು ತನ್ನ ತಲೆಯಲ್ಲಿ ಏನಿದೆ ಎಂಬುದನ್ನು ತನ್ನ ಗೆರೆಯಲ್ಲೇ ಕಾಣಲಿ, ಕಂಡ ಮೇಲೆ ತಾನೇ ತಿದ್ದಲಿ. 'ಹೆಣ್ಣು ಗಂಡು ಸಮಾನರೇ?' ಎಂದು ಕೇಳಿದರೆ ಇಡೀ ಗುಂಪು 'ಹೌದು ಮಿಸ್' ಎಂದು ರಾಗ ಎಳೆಯುತ್ತದೆ. ಪರೀಕ್ಷೆಯ ಉತ್ತರ ಅವರಿಗೆ ಬಾಯಿಪಾಠ. ಐದೇ ನಿಮಿಷದಲ್ಲಿ ಒಂದು ಚಿತ್ರ ಬರೆಯಿರಿ ಎಂದು ನೋಡು, ಬಾಯಿಪಾಠ ನೆನಪಿಸಿಕೊಳ್ಳಲು ಅವರಿಗೆ ಪುರುಸೊತ್ತೇ ಇರುವುದಿಲ್ಲ.

ಡೇವಿಡ್ ಚೇಂಬರ್ಸ್ ಎಂಬ ಸಂಶೋಧಕರು ಮಾಡಿದ್ದೂ ಇದನ್ನೇ. 1966ರಿಂದ 1977ರವರೆಗೆ 4,807 ಮಕ್ಕಳಿಗೆ 'ಒಬ್ಬ ವಿಜ್ಞಾನಿಯ ಚಿತ್ರ ಬರೆಯಿರಿ' ಎಂದು ಹಾಳೆ ಕೊಡಿಸಿದರು. ಅಷ್ಟರಲ್ಲಿ ಹೆಂಗಸಿನ ಚಿತ್ರ ಬಂದದ್ದು 28 ಮಾತ್ರ. ಆ 28 ಚಿತ್ರಗಳನ್ನೂ ಬರೆದವರು ಹುಡುಗಿಯರೇ. 1983ರಲ್ಲಿ ಈ ಫಲಿತಾಂಶ ಅಚ್ಚಾಯಿತು. ಆಮೇಲೆ ಅಮೆರಿಕದಲ್ಲಿ ಇದೇ ಆಟವನ್ನು ಎಷ್ಟೋ ಜನ ಆಡಿಸಿದರು. ಐದು ದಶಕಗಳ 78 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2018ರ ವರದಿಯ ಪ್ರಕಾರ, 1980ರ ದಶಕದಿಂದ ಈಚೆಗೆ ನೂರರಲ್ಲಿ ಸುಮಾರು 28 ಮಕ್ಕಳು ಹೆಂಗಸನ್ನು ಬರೆದಿದ್ದಾರೆ. ಮಕ್ಕಳು ದೊಡ್ಡವರಾದಂತೆ ಮಾತ್ರ ಗಂಡಸಿನ ಚಿತ್ರಗಳೇ ಹೆಚ್ಚಾಗುತ್ತವೆ ಎಂದೂ ಆ ವರದಿ ಹೇಳಿತು. ಇದರಲ್ಲಿ ನಿನಗೆ ಎರಡು ಪಾಠ ಇವೆ. ತಲೆಯೊಳಗಿನ ಚಿತ್ರ ಬದಲಾಗುತ್ತದೆ. ಆದರೆ ಶಾಲೆಗೆ ಹೋದಷ್ಟೂ ತಾನಾಗಿ ಬದಲಾಗುತ್ತದೆ ಎಂದು ನಂಬಿ ಕೂರಬಾರದು.

ಹಾಗಾಗಿ ಮೊದಲ ದಿನ ಈ ಆಟದಿಂದಲೇ ಶುರು ಮಾಡು. ವಿಜ್ಞಾನಿ, ಕ್ರಿಕೆಟ್ ಕ್ಯಾಪ್ಟನ್, ನರ್ಸ್, ಅಡುಗೆಯವರು, ಆಟೊ ಓಡಿಸುವವರು ಎಂದು ಚೀಟಿ ಹಂಚು. ಹೇಳುವಾಗ 'ಬರೆಯುತ್ತಿದ್ದಾರೆ', 'ಓಡಿಸುತ್ತಿದ್ದಾರೆ' ಎಂದೇ ಹೇಳು. ಗಂಡೋ ಹೆಣ್ಣೋ ಎಂಬ ಸುಳಿವು ನಿನ್ನ ಬಾಯಿಂದ ಬರಬಾರದು. ರಬ್ಬರು ಕೊಡಬೇಡ. ಕಡ್ಡಿ ಮನುಷ್ಯನನ್ನು ಬರೆದರೂ ಸಾಕು ಎಂದು ಮೊದಲೇ ಹೇಳಿಬಿಡು, ಇಲ್ಲವಾದರೆ ಒಂಬತ್ತನೇ ತರಗತಿಯ ಹುಡುಗರು 'ನಂಗೆ ಡ್ರಾಯಿಂಗ್ ಬರಲ್ಲ' ಎಂದು ಕೈಕಟ್ಟಿ ಕೂರುತ್ತಾರೆ. ಬರೆದದ್ದನ್ನೆಲ್ಲ ದಾರಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿಸು. ಎಣಿಸುವ ಕೆಲಸ ಮಕ್ಕಳದು. 'ಇಷ್ಟೂ ಜನ ನರ್ಸ್ ಹೆಂಗಸರೇ ಯಾಕೆ?' ಎಂದು ಅವರಲ್ಲೇ ಯಾರಾದರೂ ಕೇಳುವ ತನಕ ಕಾಯಿ. ಕೇಳಿಯೇ ಕೇಳುತ್ತಾರೆ.

ಆಗ ನಿನ್ನ ಕೈಯಲ್ಲಿ ಈ ಊರಿನದೇ ಉದಾಹರಣೆಗಳು ಸಿದ್ಧ ಇರಲಿ. ಅಗ್ನಿ-4 ಕ್ಷಿಪಣಿಯ ಯೋಜನಾ ನಿರ್ದೇಶಕಿಯಾಗಿದ್ದ ಟೆಸ್ಸಿ ಥಾಮಸ್ ದುಡಿದದ್ದು ಹೈದರಾಬಾದಿನ ಡಿಆರ್‌ಡಿಒ ಪ್ರಯೋಗಾಲಯದಲ್ಲಿ. ಬ್ಯಾಕ್ಟೀರಿಯಾದ ಕೋಶಭಿತ್ತಿ ಹೇಗೆ ಬೆಳೆಯುತ್ತದೆ ಎಂದು ಕಂಡುಹಿಡಿದು 2019ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಪಡೆದ ಮಂಜುಳಾ ರೆಡ್ಡಿ ಇಲ್ಲಿನ ಸಿಸಿಎಂಬಿ ಸಂಶೋಧನಾ ಕೇಂದ್ರದವರು. 2005 ಮತ್ತು 2017ರ ವಿಶ್ವಕಪ್ ಫೈನಲ್‌ಗಳಲ್ಲಿ ಭಾರತದ ಕ್ಯಾಪ್ಟನ್ ಆಗಿದ್ದ ಮಿಥಾಲಿ ರಾಜ್ ಆಡಿ ಬೆಳೆದದ್ದು ಇದೇ ಅವಳಿ ನಗರದಲ್ಲಿ. ಹೆಸರು ಹೇಳಿ ಮುಗಿಸದೆ, ಎರಡನೇ ಹಾಳೆ ಕೊಟ್ಟು ಮತ್ತೆ ಬರೆಸು. ಈ ಎರಡನೇ ಹಾಳೆ ತುಂಬಾ ಮುಖ್ಯ, ಮಗು ತಾನೇ ತಿದ್ದುವುದು ಇದರಲ್ಲೇ. ಮೊದಲ ಚಿತ್ರದಲ್ಲಿ ಮಗು ಬರೆಯುವುದು ನೋಡಿದವರಿಗೆ ತಟ್ಟನೆ ಗುರುತು ಸಿಗಲಿ ಎಂಬ ಸಂಕೇತವನ್ನು: ಬಿಳಿ ಕೋಟು, ಕನ್ನಡಕ, ಗಡ್ಡ. ಅದನ್ನು ನೋಡಿ 'ನಿನ್ನ ಮನಸ್ಸು ಹೀಗಾ?' ಎಂದು ಯಾವ ಮಗುವನ್ನೂ ಚುಚ್ಚಬೇಡ.

ಇನ್ನು ಕಾರ್ಟೂನಿಗೆ ಬರೋಣ. ಮಕ್ಕಳೆಲ್ಲರಿಗೂ ಗೊತ್ತಿರುವ ಛೋಟಾ ಭೀಮ್ ಹುಟ್ಟಿದ್ದು ಹೈದರಾಬಾದಿನಲ್ಲೇ, ರಾಜೀವ್ ಚಿಲಕ ಅವರ ಗ್ರೀನ್ ಗೋಲ್ಡ್ ಸಂಸ್ಥೆಯಲ್ಲಿ. 2008ರಲ್ಲಿ ಪೋಗೊ ಚಾನೆಲ್ಲಿಗೆ ಬಂದ ಢೋಲಕ್‌ಪುರದ ಆ ಬಳಗ ಇಂದಿಗೂ ಮಕ್ಕಳ ಬಾಯಲ್ಲಿದೆ. ಅದನ್ನೇ ಆಟಕ್ಕೆ ಎತ್ತಿಕೋ. ಗುದ್ದಾಡುವವನು ಭೀಮ್, ಲಡ್ಡು ತಂದುಕೊಡುವವಳು ಚುಟ್ಕಿ. 'ಇವತ್ತಿನ ಕಥೆಯಲ್ಲಿ ಊರು ಕಾಯುವವಳು ಚುಟ್ಕಿ, ಲಡ್ಡು ಕಟ್ಟುವವನು ಭೀಮ್, ಕೆಣಕುತ್ತಿದ್ದ ಕಾಲಿಯಾನೇ ಎಲ್ಲರನ್ನೂ ಉಳಿಸುವವನು' ಎಂದು ಹೇಳಿ ಬರೆಯಲು ಬಿಡು. ಭೀಮ್ ಲಡ್ಡು ಕಟ್ಟಿದರೆ ಅವನ ಬಲ ಕಡಿಮೆಯಾಯಿತೇ? ದಪ್ಪಗಿರುವ ಹುಡುಗನೇ ಯಾವಾಗಲೂ ಕೆಟ್ಟವನಾಗಬೇಕೇ? ಇಂಥ ಪ್ರಶ್ನೆಗಳು ಬಣ್ಣ ತುಂಬುವಾಗ ತಾವಾಗಿ ಏಳುತ್ತವೆ. ಮಕ್ಕಳು ತಾವು ಪ್ರೀತಿಸುವ ಪಾತ್ರವನ್ನು ಬೈಯುವುದು ಬೇಡ, ಆ ಪಾತ್ರಕ್ಕೆ ಇನ್ನಷ್ಟು ಜಾಗ ಕೊಡಲಿ.

ಮಡಿಕೆ ಆಟವೂ ಚೆನ್ನಾಗಿರುತ್ತದೆ. 1920ರ ದಶಕದಲ್ಲಿ ಪ್ಯಾರಿಸ್ಸಿನ ಸರ್ರಿಯಲಿಸ್ಟ್ ಕಲಾವಿದರು ಆಡುತ್ತಿದ್ದ ಆಟ ಇದು. ಹಾಳೆಯನ್ನು ಮೂರಾಗಿ ಮಡಿಸಿ, ಒಬ್ಬರು ತಲೆ, ಇನ್ನೊಬ್ಬರು ಮೈ, ಮತ್ತೊಬ್ಬರು ಕಾಲು ಬರೆಯಬೇಕು. ಹಿಂದಿನವರು ಬರೆದದ್ದು ಕಾಣಬಾರದು. ಬಿಡಿಸಿದಾಗ ಮುಡಿತುಂಬ ಮಲ್ಲಿಗೆ, ಮೈಮೇಲೆ ಪೊಲೀಸ್ ಯೂನಿಫಾರ್ಮು, ಕಾಲಿಗೆ ಫುಟ್‌ಬಾಲ್ ಶೂ! ಎಲ್ಲರೂ ನಗಲಿ. ನಕ್ಕು ಮುಗಿದ ಮೇಲೆ ಕೆಲಸ ಇದೆ: ಈ ವ್ಯಕ್ತಿಗೆ ಹೆಸರಿಟ್ಟು, ಅವರ ಒಂದು ದಿನ ಹೇಗಿರುತ್ತದೆ ಎಂದು ಹೇಳಬೇಕು. ಹೇಳುತ್ತ ಹೇಳುತ್ತ ಇಂಥವರು ಇರಬಹುದಲ್ಲ ಎಂದು ಅವರಿಗೇ ಅನಿಸುತ್ತದೆ.

ದೊಡ್ಡ ಮಕ್ಕಳಿಗೆ ಖಾಲಿ ಮಾತಿನ ಗುಳ್ಳೆ ಕೊಡು. ನೆಂಟರು ಬಂದಿದ್ದಾರೆ, ಅಣ್ಣ ಸೋಫಾದಲ್ಲಿ ಮೊಬೈಲ್ ಹಿಡಿದಿದ್ದಾನೆ, ತಂಗಿ ನೀರಿನ ತಟ್ಟೆ ಹಿಡಿದು ನಿಂತಿದ್ದಾಳೆ. ತಂಗಿಯ ಮಾತನ್ನು ಹುಡುಗರು ಬರೆಯಲಿ, ಅಣ್ಣನ ಮಾತನ್ನು ಹುಡುಗಿಯರು ಬರೆಯಲಿ. ಇನ್ನೊಬ್ಬರ ಬಾಯಲ್ಲಿ ಮಾತಿಡಬೇಕಾದರೆ ಒಂದು ಗಳಿಗೆ ಅವರ ಜಾಗದಲ್ಲಿ ನಿಲ್ಲಲೇಬೇಕು.

ಇಲ್ಲಿ ಒಂದು ಎಚ್ಚರ ಹೇಳುತ್ತೇನೆ, ಮನಸ್ಸಿಟ್ಟು ಕೇಳು. ಕೆಲಸಗಳ ಹೆಸರು ಹೇಳಿ ಚಿತ್ರ ಬರೆಸು. ಜನರ ಹೆಸರು ಹೇಳಿ ಎಂದೂ ಬರೆಸಬೇಡ. 'ಒಬ್ಬ ಮುಸ್ಲಿಮನನ್ನು ಬರೆಯಿರಿ', 'ಒಬ್ಬ ಬಿಹಾರಿಯನ್ನು ಬರೆಯಿರಿ' ಎಂದರೆ ಒಡೆಯಬೇಕಾದದ್ದನ್ನು ನಾವೇ ಕಟ್ಟಿಕೊಟ್ಟಂತೆ. ಆ ಮನೆಯ ಮಗು ಅಲ್ಲೇ ಕೂತು ಎಲ್ಲರ ಹಾಳೆ ನೋಡಬೇಕಾಗುತ್ತದೆ. ಅದರ ಬದಲು ಪ್ರತಿ ಮಗುವಿಗೂ ತನ್ನ ಬದುಕನ್ನೇ ಬರೆಯಲು ಹೇಳು: ನನ್ನ ಟಿಫಿನ್ ಡಬ್ಬಿ, ಮನೆಯಿಂದ ಶಾಲೆಗೆ ದಾರಿ, ಭಾನುವಾರದ ಅಡುಗೆಮನೆ. ಪಾತಬಸ್ತಿಯ, ಅಂದರೆ ಹಳೇ ನಗರದ, ಹುಡುಗಿ ತನ್ನ ಗಲ್ಲಿಯನ್ನು ತಾನೇ ಬರೆದು ತೋರಿಸಿದರೆ, ಆ ಕಡೆ ಕಾಲೇ ಇಡದ ಹುಡುಗ ಟಿವಿಯಲ್ಲಿ ಕಂಡದ್ದಕ್ಕಿಂತ ಬೇರೆಯದನ್ನು ಕಾಣುತ್ತಾನೆ. ಕಟ್ಟಡದ ಕೆಲಸಕ್ಕೆಂದು ರಾಯಚೂರು, ಕಲಬುರಗಿ ಕಡೆಯಿಂದ ಬಂದವರ ಮಗು ತನ್ನ ಶೆಡ್ಡನ್ನು ಬರೆದರೆ ನಮ್ಮ ಕನ್ನಡದ ಮಕ್ಕಳೂ ತಮ್ಮವರನ್ನೇ ಹೊಸದಾಗಿ ನೋಡುತ್ತಾರೆ.

ಇದಕ್ಕೆ ನಿನಗೆ ಹೈದರಾಬಾದಿನಲ್ಲೇ ಮಾದರಿ ಇದೆ. ಇಲ್ಲಿನ ಅನ್ವೇಷಿ ಮಹಿಳಾ ಅಧ್ಯಯನ ಕೇಂದ್ರ 2008ರಲ್ಲಿ 'ಡಿಫರೆಂಟ್ ಟೇಲ್ಸ್' ಎಂಬ ಮಕ್ಕಳ ಪುಸ್ತಕಗಳನ್ನು ತೆಲುಗು, ಮಲಯಾಳಂ, ಇಂಗ್ಲಿಷಿನಲ್ಲಿ ತಂದಿತು. ಚಿತ್ರಪುಸ್ತಕ ಎಂದರೆ ಅನುಕೂಲಸ್ಥರ ಮನೆಯ ಮಗುವೇ ಎಂಬ ರೂಢಿಯನ್ನು ಅವು ಮುರಿದವು. ಮಹಮ್ಮದ್ ಖದೀರ್ ಬಾಬು ಅವರ ಕಥೆಯಲ್ಲಿ ಮನೆಯಲ್ಲಿ ತಲೆಮಾಂಸದ ಅಡುಗೆಯಾಗುವ ಸಂಭ್ರಮ ಇದೆ. ಗೋಗು ಶ್ಯಾಮಲಾ ಅವರ ಕಥೆಯಲ್ಲಿ ಹೊಲಗದ್ದೆಯಲ್ಲಿ ದುಡಿಯುವ ದಿಟ್ಟ ಹುಡುಗಿ ಇದ್ದಾಳೆ. ಇವನ್ನು ಶಿಬಿರದಲ್ಲಿಡು.

ಇನ್ನೊಂದು ಮಾತು. ಕಾರ್ಟೂನು ಎಂದರೆ ಹಿಗ್ಗಿಸಿ ಬರೆಯುವುದು. ಅದೇ ಗುಣ ಗಾಯವನ್ನೂ ಮಾಡುತ್ತದೆ. 1932ರಿಂದ 1956ರವರೆಗೆ ಪತ್ರಿಕೆಗಳಲ್ಲಿ ಬಂದ ಅಂಬೇಡ್ಕರರ ನೂರಕ್ಕೂ ಹೆಚ್ಚು ವ್ಯಂಗ್ಯಚಿತ್ರಗಳನ್ನು ಉನ್ನಮತಿ ಶ್ಯಾಮಸುಂದರ್ 2019ರಲ್ಲಿ ಪುಸ್ತಕವಾಗಿ ತಂದರು. ಹೆಸರಾಂತ ಕುಂಚಗಳೂ ಆ ದೊಡ್ಡ ಮನುಷ್ಯನನ್ನು ಎಷ್ಟು ಕುಬ್ಜವಾಗಿ ಬರೆದಿದ್ದವು ಎಂಬುದು ಅದರಲ್ಲಿ ಕಾಣುತ್ತದೆ. ಆದ್ದರಿಂದ ಮೊದಲೇ ನಿಯಮ ಮಾಡು: ಮಾತನ್ನು ನೋಡಿ ನಗೋಣ, ಮೈಯನ್ನು ನೋಡಿ ನಗುವುದು ಬೇಡ. ಯಾರ ಮೂಗು, ಮೈಬಣ್ಣ, ಕುಂಟು, ತೊದಲು ಶಿಬಿರದಲ್ಲಿ ನಗೆಯ ಸರಕಾಗಕೂಡದು. ಕಾರ್ಟೂನು ಗಂಡಸರ ಕೆಲಸ ಎಂದು ಯಾರಾದರೂ ಅಂದರೆ ಬೆಂಗಳೂರಿನ ಮಾಯಾ ಕಾಮತ್, ವಿಶಾಖಪಟ್ಟಣದ ರಾಗತಿ ಪಂಡರಿ ಇವರ ಚಿತ್ರಗಳನ್ನು ಮುಂದಿಡು.

ಕೊನೆಯ ವಾರ ಗೋಡೆ ಕಾಮಿಕ್ಸ್ ಮಾಡಿಸು. ಶರದ್ ಶರ್ಮಾ ಅವರ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಹಳ್ಳಿಹಳ್ಳಿಗಳಲ್ಲಿ ಕಲಿಸಿದ ಕ್ರಮ ಸರಳವಾಗಿದೆ: ಎರಡು ಎ4 ಹಾಳೆ ಜೋಡಿಸಿ, ನಾಲ್ಕು ಚೌಕ ಹಾಕಿ, ಕಪ್ಪು ಶಾಯಿಯಲ್ಲಿ ಒಂದು ಕಥೆ. ಮೊದಲ ಚೌಕದಲ್ಲಿ ಪರಿಚಯ, ಎರಡರಲ್ಲಿ ತೊಡಕು, ಮೂರರಲ್ಲಿ ತಿರುವು, ನಾಲ್ಕರಲ್ಲಿ ಕೊನೆ. ರೊಟ್ಟಿ ಬಡಿಯಲು ಕಲಿತ ಹುಡುಗನನ್ನು ಗೆಳೆಯರು ಆಡಿಕೊಂಡರೆ ಅವನೇನು ಮಾಡಿದ? ಕಥೆ ಮಗುವಿನದೇ ಆಗಿರಲಿ, ಕೊನೆಯ ಚೌಕಕ್ಕೆ ನೀನು ನೀತಿ ಸೇರಿಸಬೇಡ. ಝೆರಾಕ್ಸ್ ಮಾಡಿಸಿ ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿಗೆ, ಇರಾನಿ ಚಹಾದಂಗಡಿಯ ಗೋಡೆಗೆ ಕೇಳಿಕೊಂಡು ಅಂಟಿಸಿ. ಮಕ್ಕಳನ್ನೂ ಮನೆಯವರನ್ನೂ ಕೇಳದೆ ಯಾವ ಚಿತ್ರವನ್ನೂ ವಾಟ್ಸ್ಆ್ಯಪಿಗೆ ಹಾಕಬೇಡ.

ಒಂದು ಶಿಬಿರದಿಂದ ಎಲ್ಲ ಬದಲಾಗುವುದಿಲ್ಲ. ಮೊದಲ ದಿನದ ಹಾಳೆಗಳಿಗೆ ತಾರೀಖು ಹಾಕಿ ಜೋಪಾನವಾಗಿಡು, ಮುಂದಿನ ವರ್ಷ ಅದೇ ಮಕ್ಕಳಿಗೆ ಅದೇ ಚೀಟಿ ಕೊಟ್ಟು ಬರೆಸಿ, ಎರಡನ್ನೂ ಅವರ ಕೈಗೇ ಕೊಡು. ಮುಗಿಸುವ ದಿನ ಅಪ್ಪ-ಅಮ್ಮಂದಿರನ್ನೂ ಕರೆದು ಅವರಿಗೂ ಐದು ನಿಮಿಷ ಪೆನ್ಸಿಲು ಹಿಡಿಸು. 'ಅವರೆಲ್ಲ ಹಾಗೇ' ಎಂಬ ಮಾತನ್ನು ಮಕ್ಕಳು ಕಲಿತದ್ದು ನಮ್ಮಂಥ ದೊಡ್ಡವರಿಂದ. ಅದನ್ನು ಮರೆಯುವ ಕೆಲಸವನ್ನು ಅವರ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಧೈರ್ಯವಾಗಿ ಶುರು ಮಾಡು ತಂಗೀ. ಹಾಳೆ, ಪೆನ್ಸಿಲು, ಕೂರಲು ಜಾಗ ಏನು ಬೇಕೋ ಹೇಳು, ಹೊಂದಿಸುವುದು ನಮ್ಮ ಪಾಲಿನ ಕೆಲಸ.