ಶೇರ್ಡ್ ಡ್ರೈವ್ ಓಪನ್ ಆಗ್ತಿಲ್ವಾ? ದೋಷ ನೀವೇ ಹಿಡಿಯಿರಿ

ಝಡ್ ಡ್ರೈವ್ ಮೇಲೆ ಕೆಂಪು ಇಂಟು ಮಾರ್ಕ್ ಕಂಡ ಕೂಡಲೇ ಐಟಿಯವರಿಗೆ ಫೋನ್ ಹಚ್ಚುವವರು ಪ್ರತಿ ಆಫೀಸಿನಲ್ಲೂ ಇದ್ದಾರೆ. ‘ನಂಗೆ ಟೆಕ್ನಿಕಲ್ ಎಲ್ಲಾ ಬರಲ್ಲ’ ಅನ್ನೋದು ಬರೀ ಅಭ್ಯಾಸ. ಇವತ್ತೇ ಬಿಡಿ. ವಿಂಡೋಸ್ ಸಿಸ್ಟಮ್ ಎದುರು ಕುಳಿತು ಈ ಕ್ರಮದಲ್ಲೇ ನೋಡುತ್ತಾ ಹೋಗಿ.

1. ಎರರ್ ಮೆಸೇಜ್ ಓದಿ. ಓಕೆ ಒತ್ತಿ ಮುಚ್ಚಬೇಡಿ. ಕೋಡ್ 80070035 ಎಂದು ಮುಗಿದರೆ ಸರ್ವರ್‌ಗೆ ಹೋಗುವ ದಾರಿಯೇ ಸಿಕ್ಕಿಲ್ಲ. ‘ಆಕ್ಸೆಸ್ ಡಿನೈಡ್’ ಎಂದರೆ ಸರ್ವರ್ ಸಿಕ್ಕಿದೆ, ನಿಮ್ಮನ್ನು ಒಳಗೆ ಬಿಟ್ಟಿಲ್ಲ. ದಾರಿಯೇ ಇಲ್ಲದಿರುವಾಗ ಪಾಸ್‌ವರ್ಡ್ ಬದಲಿಸಿ ಏನೂ ಸಿಗದು.

2. ಐಪಿ ನೋಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಟೈಪ್ ಮಾಡಿ. ಅಡ್ರೆಸ್ 169.254ರಿಂದ ಶುರುವಾಗಿದ್ದರೆ ಡಿಎಚ್‌ಸಿಪಿಯಿಂದ ನಿಮಗೆ ಅಡ್ರೆಸ್ಸೇ ಬಂದಿಲ್ಲ. ಕೇಬಲ್, ವೈಫೈ ನೋಡಿ. ಮನೆಯಿಂದ ಕೆಲಸವೇ? ವಿಪಿಎನ್ ಆನ್ ಮಾಡಿದ್ದೀರಾ?

3. ಸರ್ವರ್ ಹೆಸರಿನ ಬದಲು ಅದರ ಐಪಿ ಹಾಕಿ. ಆಗ ತೆರೆದರೆ ನೆಟ್‌ವರ್ಕ್ ಸರಿಯಿದೆ, ಅನುಮಾನ ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ ಮೇಲೆ.

4. ಪಿಂಗ್ ಒಂದನ್ನೇ ನಂಬಬೇಡಿ. ಹೊಸಬರು ಎಡವುವುದು ಇಲ್ಲೇ. ಪಿಂಗ್ ಬಳಸುವುದು ಐಸಿಎಂಪಿ. ಫೈಲ್ ಶೇರಿಂಗ್ ನಡೆಯುವುದು ಎಸ್‌ಎಂಬಿಯಲ್ಲಿ, ಟಿಸಿಪಿ ಪೋರ್ಟ್ 445ರ ಮೂಲಕ. ಪಿಂಗ್‌ಗೆ ಉತ್ತರ ಬಂದರೂ 445 ಮುಚ್ಚಿರಬಹುದು. ಪಿಂಗ್ ಬ್ಲಾಕ್ ಆಗಿದ್ದರೂ ಡ್ರೈವ್ ತೆರೆಯಬಹುದು. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡಿಗೆ ಸರ್ವರ್ ಹೆಸರು, 445 ಎರಡನ್ನೂ ಕೊಡಿ. ಐಪಿ ಹಾಕಿದಾಗಲೂ ‘ಫಾಲ್ಸ್’ ಬಂತೇ? ಮೊದಲು ಫೈರ್‌ವಾಲ್ ನೋಡಿಸಿ. ಚಿಕ್ಕ ಆಫೀಸಿನಲ್ಲಿ ಯಾರದೋ ಪಿಸಿಯೇ ಸರ್ವರ್ ಆಗಿರುತ್ತದೆ. ಅದರ ನೆಟ್‌ವರ್ಕ್ ಪ್ರೊಫೈಲ್ ‘ಪಬ್ಲಿಕ್’ನಲ್ಲಿದ್ದರೆ ‘ಪ್ರೈವೇಟ್’ ಮಾಡಿಸಿ, ಫೈಲ್ ಶೇರಿಂಗ್ ಆನ್ ಮಾಡಿಸಿ.

5. ಎಸ್‌ಎಂಬಿ 1 ಆನ್ ಮಾಡಬೇಡಿ. ಹಳೆಯ ಎನ್‌ಎಎಸ್ (ನೆಟ್‌ವರ್ಕ್ ಸ್ಟೋರೇಜ್) ಬಾಕ್ಸ್ ತೆರೆಯದಿದ್ದಾಗ ‘ಅದನ್ನು ಆನ್ ಮಾಡಿ’ ಎಂಬ ಸಲಹೆಯೇ ವಿಡಿಯೋಗಳಲ್ಲಿ ಸಿಗುತ್ತದೆ. 2017ರ ಮೇನಲ್ಲಿ ವನ್ನಾಕ್ರೈ ರಾನ್ಸಮ್‌ವೇರ್ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರ ದೋಷದಿಂದ. ಅದೇ ವರ್ಷ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ಡಿಫಾಲ್ಟ್ ಆಗಿ ಕೊಡುವುದನ್ನೇ ನಿಲ್ಲಿಸಿತು. ಬಾಕ್ಸಿನ ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಎಸ್‌ಎಂಬಿ 2 ಅಥವಾ 3 ಆರಿಸಿ. ಆಯ್ಕೆಯೇ ಇಲ್ಲವೇ? ಹೊಸ ಬಾಕ್ಸ್ ಕೇಳಿ.

6. ಹಳೆಯ ಪಾಸ್‌ವರ್ಡ್ ಅಳಿಸಿ. ನೀವು ಮೊನ್ನೆ ಬದಲಿಸಿದ್ದರೂ ಕ್ರೆಡೆನ್ಷಿಯಲ್ ಮ್ಯಾನೇಜರ್ ಹಳೆಯದನ್ನೇ ಕಳಿಸುತ್ತಿರಬಹುದು. ಎರರ್ 1219 ಬಂದರೆ ಒಂದೇ ಸರ್ವರ್‌ಗೆ ಎರಡು ಯೂಸರ್ ನೇಮ್‌ನಲ್ಲಿ ಹೋಗಿದ್ದೀರಿ. ನೆಟ್ ಯೂಸ್ ಕಮಾಂಡಿನಲ್ಲಿ ಹಳೆಯ ಕನೆಕ್ಷನ್ ನೋಡಿ ಡಿಲೀಟ್ ಮಾಡಿ.

7. ಸೈನ್ ಔಟ್ ಆಗಿ ಬನ್ನಿ. ಅಡ್ಮಿನ್ ನಿಮ್ಮನ್ನು ಈಗಷ್ಟೇ ಗ್ರೂಪ್‌ಗೆ ಸೇರಿಸಿದ್ದರೆ ಆ ಪರ್ಮಿಷನ್ ಮುಂದಿನ ಲಾಗಿನ್‌ನಲ್ಲಿ ಬರುತ್ತದೆ.

8. ಆಗಲೂ ತೆರೆಯಲಿಲ್ಲವೇ? ಟಿಕೆಟ್ ಹಾಕಿ. ‘ಡ್ರೈವ್ ವರ್ಕ್ ಆಗ್ತಿಲ್ಲ, ಅರ್ಜೆಂಟ್’ ಎಂದಷ್ಟೇ ಬರೆಯಬೇಡಿ. ಎರರ್ ಕೋಡ್, ನಿಮ್ಮ ಐಪಿ, 445 ಟೆಸ್ಟಿನ ರಿಸಲ್ಟ್, ಪಕ್ಕದ ಸೀಟಿನವರಿಗೆ ತೆರೆಯುತ್ತಿದೆಯೇ ಇಲ್ಲವೇ, ಇಷ್ಟೂ ಬರೆಯಿರಿ. ಐಟಿಯವರು ಮತ್ತೆ ಫೋನ್ ಮಾಡಿ ಇದನ್ನೆಲ್ಲ ಕೇಳುವ ಅರ್ಧ ಗಂಟೆ ಉಳಿಯುತ್ತದೆ.